ಸುಡದ ಬಾವುಟ

"ಬರ್ನಾಲ್ ಇದೆಯೇನೋ?" ಎನ್ನುತ್ತಾ ನಾಗರಾಜ ಒಳಗೆ ಬಂದ. ಆಗಸ್ಟ್ 17, ಭಾನುವಾರ. ಹೆಬ್ಬೆರಳಿಗೆ ಹಸಿರು ಬಣ್ಣದ್ದು ಏನೋ ಮೆತ್ತಿಕೊಂಡಿತ್ತು.

"ಹರಿದ ಬಾವುಟ ಸುಡಲು ಹೋದೆ. ಕರಗಿ ಅಂಟಿಕೊಂಡಿತು."

"ಬಾವುಟ ಸುಟ್ಟೆಯಾ?" ಶಾಸ್ತ್ರಿಗಳು ಕಾಫಿ ಲೋಟ ಕೆಳಗಿಟ್ಟರು.

"ನಿಯಮವೇ ಇದೆ ಶಾಸ್ತ್ರಿಗಳೇ. ಹರಿದದ್ದನ್ನು ಮರೆಯಲ್ಲಿ, ಮರ್ಯಾದೆಯಿಂದ ಸುಡಬಹುದು. ಬಚ್ಚಲಲ್ಲಿ ಸುಟ್ಟೆ."

"ಬಚ್ಚಲಲ್ಲಿ ಎಂಥ ಮರ್ಯಾದೆಯಯ್ಯಾ?"

"ಮರೆ ಇತ್ತಲ್ಲ."

ನನಗೆ ತಡೆಯಲಾಗಲಿಲ್ಲ. "ಅದು ಖಾದಿ ಕಾಲದ ನಿಯಮ ಕಣೋ. ಪಾಲಿಯೆಸ್ಟರಿಗೆ ಒಪ್ಪಿಗೆ ಬಂದದ್ದು 2021ರ ಡಿಸೆಂಬರಿನಲ್ಲಿ. ಖಾದಿ ಸುಟ್ಟರೆ ಬೂದಿಯಾಗುತ್ತೆ. ಪಾಲಿಯೆಸ್ಟರ್ ದೇಶಭಕ್ತಿ ಕರಗುತ್ತೆ, ನಾರುತ್ತೆ, ಮುಟ್ಟಿದವರನ್ನು ಬಿಡಲ್ಲ."

"ಮೂರನೇ ಮಹಡಿಯವರು ಆರಡಿಯದು ಹಾಕಿದ್ದರು. ನಾನು ಸುಮ್ನೆ ಕೂರಬೇಕಿತ್ತಾ? ಒಂಬತ್ತಡಿಯದು ತಂದೆ. ಒಂದೇ ಗಾಳಿಗೆ ಹರಿಯಿತು."

"ಅಂದರೆ ಇದು ದೇಶದ ಮೇಲಿನ ಪ್ರೀತಿಯಲ್ಲ. ಮೂರನೇ ಮಹಡಿಯ ಮೇಲಿನ ಸಿಟ್ಟು."

"ಪೈಪೋಟಿ ಇದ್ದರೇ ದೇಶ ಮೇಲೆ ಬರೋದು," ಎಂದರು ಶಾಸ್ತ್ರಿಗಳು. ಅವರ ಸ್ಕೂಟರಿಗೂ ಪುಟ್ಟ ಬಾವುಟವಿದೆ. ಅದನ್ನು ಹಾರಿಸುತ್ತಲೇ ಒನ್‌ವೇಯಲ್ಲಿ ಎದುರು ಬರುತ್ತಾರೆ.

"ಟ್ಯಾಗೋರ್ ಹೆದರಿದ್ದು ಈ ಪೈಪೋಟಿಗೇ. 1917ರಲ್ಲಿ ರಾಷ್ಟ್ರವಾದವನ್ನು ಬೈದು ಪುಸ್ತಕವನ್ನೇ ತಂದರು."

"ಯಾವ ಟ್ಯಾಗೋರ್?"

"ಮೊನ್ನೆ ಯಾರ ಹಾಡಿಗೆ ಎದ್ದು ನಿಂತಿರೋ, ಅವರೇ."

ಶಾಸ್ತ್ರಿಗಳು ಕೂತಲ್ಲೇ ಮಿಸುಕಾಡಿದರು, ಈಗಲೂ ಏಳಬೇಕೇನೋ ಎನ್ನುವ ಹಾಗೆ.

"ನಿನಗೆ ಬಾವುಟ ಕಂಡರೇ ಆಗಲ್ಲ ಬಿಡು," ನಾಗರಾಜ ಮುನಿಸಿಕೊಂಡ.

"ಆಗುತ್ತೆ. ಮರುದಿನ ಮೋರಿಯಲ್ಲಿ ಕಂಡರೆ ಆಗಲ್ಲ."

ಅಷ್ಟು ಹೊತ್ತು ಚಕ್ಕುಲಿ ಮುರಿಯುತ್ತಿದ್ದ ರುದ್ರಪ್ಪ ಬಾಯಿ ಬಿಟ್ಟ. ಧಾರವಾಡದ ಕಡೆಯವನು, ಮಾತು ಕಮ್ಮಿ. "ನಮ್ಮವ್ವ ಗರಗದಲ್ಲಿ ನೂಲು ತೆಗೆಯುತ್ತಿದ್ದಳು. ಬಾವುಟದ ಬಟ್ಟೆಗೆ."

"ಹೌದಾ? ಇಷ್ಟು ವರ್ಷ ಹೇಳೇ ಇಲ್ಲವಲ್ಲೋ!"

"ಯಾರೂ ಕೇಳಲಿಲ್ಲ. ಆಗಸ್ಟ್ 15ಕ್ಕೆ ನನ್ನ ಜೊತೆ ಶಾಲೆಗೆ ಬರುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರೆ ಇವಳು ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುವಳು. 'ಅದರಾಗ ನನ್ನ ಎಳಿ ಯಾವುದಿರಬೇಕಪಾ?' ಅಂತ ಕೇಳುವಳು."

"ನೀನೇನು ಹೇಳುತ್ತಿದ್ದೆ?"

"ಒಂದು ಕಡೆ ಬೆರಳು ತೋರಿಸುತ್ತಿದ್ದೆ. ಪ್ರತಿ ವರ್ಷ ಬೇರೆ ಕಡೆ."

ಶಾಸ್ತ್ರಿಗಳು ತಣ್ಣಗಾದ ಕಾಫಿಯನ್ನೇ ಎತ್ತಿಕೊಂಡರು. ನಾಗರಾಜ ಹೆಬ್ಬೆರಳಿನ ಹಸಿರನ್ನು ಉಗುರಿನಿಂದ ಕೆರೆಯುತ್ತಾ ಕೂತ. ಅದು ಬಿಡುತ್ತಿರಲಿಲ್ಲ.