ಪದಚರ್ಚೆ: ಬೈಬಲ್ ಹಸ್ತಪ್ರತಿಗಳ ವಿಷಯದಲ್ಲಿ ‘ಪ್ರಾಮಾಣ್ಯ’ ಸಲ್ಲುವುದೇ?

ಪ್ರಶ್ನೆ:

ಬೈಬಲ್‌ನ ಹಸ್ತಪ್ರತಿಗಳು ಮತ್ತು ಉತ್ಖನನದ ಸಾಕ್ಷ್ಯಗಳ ಕುರಿತ ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಬರುವ ‘ಹಿಸ್ಟಾರಿಕಲ್ ರಿಲಯಬಿಲಿಟಿ’ಗೆ ‘ಐತಿಹಾಸಿಕ ಪ್ರಾಮಾಣ್ಯ’ ಎನ್ನಬಹುದೇ? ‘ಆಟೋಗ್ರಾಫ್’ಗೆ ಮೂಲಪ್ರತಿ, ‘ವೇರಿಯಂಟ್’ಗೆ ತಪ್ಪು, ‘ಕೋಡೆಕ್ಸ್’ಗೆ ಓಲೆಕಟ್ಟು ಎಂದು ಸದ್ಯಕ್ಕೆ ಹಾಕಿಕೊಂಡಿದ್ದೇನೆ. ತಿಳಿದವರು ತಿದ್ದಬೇಕು.

ಉತ್ತರ 1:

‘ಪ್ರಾಮಾಣ್ಯ’ ಬೇಡ. ಮೀಮಾಂಸಕರಿಗೆ ವೇದ ಸ್ವತಃಪ್ರಮಾಣ, ಅದಕ್ಕೆ ಹೊರಗಿನ ಸಾಕ್ಷಿಯ ಹಂಗಿಲ್ಲ. ನಿಮ್ಮ ಲೇಖನ ಹುಡುಕುತ್ತಿರುವುದು ಹೊರಗಿನ ಸಾಕ್ಷಿಯನ್ನೇ. ಹಾಗಾಗಿ ಈ ಪದ ಹಾಕಿದರೆ ಅರ್ಥ ತಲೆಕೆಳಗಾಗುತ್ತದೆ. ‘ವಿಶ್ವಾಸಾರ್ಹತೆ’ ವಾಸಿ. ಆದರೆ ಅದನ್ನೂ ಎಲ್ಲ ಕಡೆ ಹಾಕಬೇಡಿ. ಇಂಗ್ಲಿಷಿನವರು ಮೂರು ಪ್ರಶ್ನೆಗಳನ್ನು ಆ ಒಂದೇ ಪದದಡಿ ತುರುಕುತ್ತಾರೆ: ಬರೆದದ್ದು ಕೆಡದೆ ನಮ್ಮ ಕೈ ಸೇರಿದೆಯೇ, ಬರೆದವನಿಗೆ ಆ ಕಾಲ, ಆ ಊರು ಗೊತ್ತಿತ್ತೇ, ಹೇಳಿದ ಘಟನೆ ನಡೆಯಿತೇ. ಹಸ್ತಪ್ರತಿಗಳು ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡಬಲ್ಲವು. ಅಲ್ಲಿ ‘ಪಾಠದ ವಿಶ್ವಾಸಾರ್ಹತೆ’ ಎಂದೇ ಬಿಡಿಸಿ ಬರೆಯಿರಿ (ಪಾಠ ಎಂದರೆ ಪ್ರತಿಯಲ್ಲಿರುವ ಬರಹದ ಮಾತುಗಳು).

‘ಮೂಲಪ್ರತಿ’ಯಲ್ಲೂ ತೊಡಕಿದೆ. ನಮ್ಮ ಗ್ರಂಥಸಂಪಾದನೆಯ ಬರಹಗಳಲ್ಲಿ ಅದು ಕವಿಯ ಕೈಬರಹವೂ ಆಗಬಹುದು, ಲಿಪಿಕಾರ ಎದುರಿಗಿಟ್ಟುಕೊಂಡು ನಕಲು ಮಾಡಿದ ಪ್ರತಿಯೂ ಆಗಬಹುದು. ಮೊದಲನೆಯದಕ್ಕೆ ‘ಸ್ವಹಸ್ತಪ್ರತಿ’, ಎರಡನೆಯದಕ್ಕೆ ‘ಆಧಾರಪ್ರತಿ’ ಎಂದರೆ ಗೊಂದಲವಿಲ್ಲ. ಹೊಸ ಒಡಂಬಡಿಕೆಯ ಯಾವ ಪುಸ್ತಕದ ಸ್ವಹಸ್ತಪ್ರತಿಯೂ ಉಳಿದಿಲ್ಲ. ‘ಮೂಲಪ್ರತಿಗಳು ದೊರೆತಿವೆ’ ಎಂದು ಬರೆದರೆ ಅದು ಸುಳ್ಳು.

‘ವೇರಿಯಂಟ್’ಗೆ ‘ತಪ್ಪು’ ಅಂತೂ ಖಂಡಿತ ಬೇಡ. ಪಾಠಾಂತರ ಅಥವಾ ಪಾಠಭೇದ ಎನ್ನಿ, ಇವು ನಮ್ಮಲ್ಲಿ ನೆಲೆನಿಂತ ಪದಗಳು. ಗ್ರೀಕ್ ಹಸ್ತಪ್ರತಿಗಳು 5,000ಕ್ಕೂ ಹೆಚ್ಚು ಇರುವುದರಿಂದ ಪಾಠಾಂತರಗಳು ಲಕ್ಷಗಟ್ಟಲೆ. ‘ಲಕ್ಷಗಟ್ಟಲೆ ತಪ್ಪುಗಳು’ ಎಂದು ಓದಿದವನಿಗೆ ಬೇರೆಯೇ ಚಿತ್ರ ಮೂಡುತ್ತದೆ. ಹೆಚ್ಚಿನವು ಕಾಗುಣಿತದ, ಪದಕ್ರಮದ ವ್ಯತ್ಯಾಸಗಳು. ಆದರೆ ಎಲ್ಲವೂ ಹಾಗಲ್ಲ. ಲೂಕ 2:14ರಲ್ಲಿ ಕೊನೆಯ ಒಂದು ಸಿಗ್ಮಾ ಅಕ್ಷರ ಇದ್ದರೆ ಸಮಾಧಾನ ದೇವರ ಒಲವು ಪಡೆದವರಿಗೆ, ಇಲ್ಲದಿದ್ದರೆ ಮನುಷ್ಯರೆಲ್ಲರ ಮೇಲೂ ಒಲವು. ಪ್ರಕಟನೆ 13:18ರ 666 ಎಂಬ ಸಂಖ್ಯೆ ಪಿ115 ಎಂಬ ಸಂಖ್ಯೆಯ ಪಪೈರಸ್ (ಜೊಂಡಿನ ಹಾಳೆಯ) ಹಸ್ತಪ್ರತಿಯಲ್ಲಿ 616 ಆಗಿದೆ. ಹಸ್ತಪ್ರತಿಗಳ ದೊಡ್ಡ ಮೊತ್ತವನ್ನು ಹೇಳುವಾಗ, ಅವುಗಳಲ್ಲಿ ಬಹುಪಾಲು 9ನೇ ಶತಮಾನದಿಂದ ಈಚಿನವು ಎಂಬುದನ್ನೂ ಜೊತೆಗೇ ಹೇಳಿ. ಲೇಖನಗಳು ಇದನ್ನು ನುಂಗಿಬಿಡುವುದೇ ಹೆಚ್ಚು.

ಲಿಪಿಕಾರನ ದೋಷಕ್ಕೆ ಬೇರೆ ಪದಗಳಿವೆ. ಎರಡು ವಾಕ್ಯಗಳು ಒಂದೇ ಪದದಲ್ಲಿ ಮುಗಿದಾಗ ಕಣ್ಣು ಮೊದಲನೆಯದರ ಕೊನೆಯಿಂದ ಎರಡನೆಯದರ ಕೊನೆಗೆ ಹಾರಿ ನಡುವಿನದು ಬಿಟ್ಟುಹೋಗುತ್ತದೆ. 1 ಯೋಹಾನ 2:23ರ ಉತ್ತರಾರ್ಧ ಬಹಳಷ್ಟು ಈಚಿನ ಪ್ರತಿಗಳಲ್ಲಿ ಇಲ್ಲದಿರುವುದು ಹೀಗೆಯೇ. ಇದಕ್ಕೆ ‘ಅಂತ್ಯಸಾಮ್ಯಲೋಪ’ ಎನ್ನಬಹುದು, ‘ಕಣ್ಣು ಹಾರಿದ ಲೋಪ’ ಎಂದರೂ ನನಗೆ ಒಪ್ಪಿಗೆ. ಬೇಕೆಂದೇ ಸೇರಿಸಿದ್ದು ‘ಪ್ರಕ್ಷಿಪ್ತ’. 1 ಯೋಹಾನ 5:7ರ ತ್ರಯೇಕತ್ವದ (ತಂದೆ, ಮಗ, ಪವಿತ್ರಾತ್ಮ ಒಂದೇ ಎಂಬ) ವಾಕ್ಯ ಅದಕ್ಕೆ ಚೊಕ್ಕ ಉದಾಹರಣೆ. ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ ವಿದ್ವಾಂಸ ಎರಾಸ್ಮಸ್ 1516 ಮತ್ತು 1519ರ ಮುದ್ರಣಗಳಲ್ಲಿ ಅದನ್ನು ಬಿಟ್ಟಿದ್ದ, 1522ರಲ್ಲಿ ಸೇರಿಸಿದ. ಆಮೇಲೆ ಸೇರಿದ್ದು ಎಂದು ಹೆಚ್ಚಿನ ವಿದ್ವಾಂಸರು ಎಣಿಸುವ ಮಾರ್ಕ 16:9-20, ಬಲು ಹಳೆಯ ಸೈನಾಯ್ ಮತ್ತು ವ್ಯಾಟಿಕನ್ ಕೋಡೆಕ್ಸ್‌ಗಳೆರಡರಲ್ಲೂ ಇಲ್ಲ.

ಇನ್ನು ಕೋಡೆಕ್ಸ್. ಓಲೆಕಟ್ಟಿನ ಗರಿಗಳು ಬಿಡಿಬಿಡಿ, ತೂತಿನಲ್ಲಿ ದಾರ ಪೋಣಿಸಿದ್ದು. ಕೋಡೆಕ್ಸ್‌ನಲ್ಲಿ ಹಾಳೆಗಳನ್ನು ಮಡಿಸಿ, ಒಂದರೊಳಗೊಂದು ಸೇರಿಸಿ, ಮಡಿಕೆಯಲ್ಲಿ ಹೊಲಿಯುತ್ತಾರೆ. ಇವು ಕೆಡುವ ರೀತಿಯೂ ಬೇರೆ. ಓಲೆಯ ದಾರ ಹರಿದರೆ ಗರಿಗಳು ಅದಲುಬದಲಾಗುತ್ತವೆ. ಕೋಡೆಕ್ಸ್‌ನ ಹೊರಗಿನ ಹಾಳೆ ಕಿತ್ತುಹೋದರೆ ಆ ಮಡಿಕೆಯ ಮೊದಲ ಪುಟಗಳೂ ಕೊನೆಯ ಪುಟಗಳೂ ಒಟ್ಟಿಗೆ ಹೋಗುತ್ತವೆ. ಮ್ಯಾಂಚೆಸ್ಟರಿನ ರೈಲಂಡ್ಸ್ ಗ್ರಂಥಾಲಯದಲ್ಲಿರುವ ಪಿ52 ಎಂಬ ಪಪೈರಸ್ ಸುಮಾರು 9 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ತುಣುಕು. ಮುಂದುಗಡೆ ಯೋಹಾನ 18:31-33, ಹಿಂದುಗಡೆ 37-38. ಎರಡೂ ಬದಿ ಒಂದೇ ಕೃತಿ ಮುಂದುವರಿದಿರುವುದರಿಂದಲೇ ಅದು ಸುರುಳಿಯದಲ್ಲ, ಕೋಡೆಕ್ಸ್‌ನ ಎಲೆ ಎಂದು ತಿಳಿದದ್ದು. ಅದನ್ನು ಓಲೆಕಟ್ಟು ಎಂದರೆ ಈ ತರ್ಕವೇ ಕಾಣುವುದಿಲ್ಲ. ಮೊದಲ ಸಲ ‘ಹೊಲಿದ ಹೊತ್ತಗೆ’ ಎಂದು ವಿವರಿಸಿ, ಮುಂದೆ ಕೋಡೆಕ್ಸ್ ಎಂದೇ ಇಡಿ.

ಇದೇ ಪಿ52ಕ್ಕೆ ‘ಕ್ರಿ.ಶ. 125ರದ್ದು’ ಎಂದು ಮೊಳೆ ಹೊಡೆದಂತೆ ಬರೆಯುತ್ತಾರೆ. ಅದು ಅಕ್ಷರದ ರೂಪ ನೋಡಿ ಮಾಡಿದ ಅಂದಾಜು. 2ನೇ ಶತಮಾನದ ಮೊದಲರ್ಧ ಎಂಬುದು ರೂಢಿಯ ಮಾತು, 3ನೇ ಶತಮಾನದ ಆರಂಭದವರೆಗೂ ಹೋಗಬಹುದು ಎನ್ನುವ ವಿದ್ವಾಂಸರಿದ್ದಾರೆ. ‘ಕಾಲ’ ಎಂದಷ್ಟೇ ಬರೆಯದೆ ‘ರಚನೆಯ ಕಾಲ’, ‘ಪ್ರತಿ ಮಾಡಿದ ಕಾಲ’ ಎಂದು ಬೇರೆ ಮಾಡಿ.

ಉತ್ತರ 2:

ಮೇಲಿನದಕ್ಕೆ ಸೇರಿಸುವುದು ಸ್ವಲ್ಪವೇ. ಮೃತ ಸಮುದ್ರದ ಬಳಿಯ ಕುಮ್ರಾನ್‌ನ ಗುಹೆಯಲ್ಲಿ ಸಿಕ್ಕ ಯೆಶಾಯ ಸುರುಳಿ 7.34 ಮೀಟರ್, ಕ್ರಿ.ಪೂ. 2ನೇ ಶತಮಾನದ್ದು. 1008ರ ಸುಮಾರಿನ ಹೀಬ್ರೂ ಬೈಬಲ್ ಪ್ರತಿಯಾದ ಲೆನಿನ್‌ಗ್ರಾಡ್ ಕೋಡೆಕ್ಸ್‌ಗಿಂತ ಸಾವಿರ ವರ್ಷಕ್ಕೂ ಹಳೆಯದು, ಆದರೂ ಪಾಠ ಬಹುಮಟ್ಟಿಗೆ ಹೊಂದುತ್ತದೆ. ಇಷ್ಟು ಹೇಳಿ ‘ಹಳೆ ಒಡಂಬಡಿಕೆ ಬದಲಾಗಲೇ ಇಲ್ಲ’ ಎನ್ನುವಂತಿಲ್ಲ. ಅದೇ ಕುಮ್ರಾನ್‌ನಲ್ಲಿ, ಗ್ರೀಕ್ ಅನುವಾದದಲ್ಲಿ ಕಾಣುವ ಚಿಕ್ಕ ಪಾಠಕ್ಕೆ ಹೊಂದುವ ಯೆರೆಮೀಯನ ತುಣುಕೂ ಸಿಕ್ಕಿದೆ.

ಉತ್ಖನನದ ಭಾಗದಲ್ಲಿ ಕ್ರಿಯಾಪದ ನೋಡಿಕೊಳ್ಳಿ. ಕೈಸರೈಯದಲ್ಲಿ 1961ರಲ್ಲಿ ಸಿಕ್ಕ ಕಲ್ಲು, ಯೇಸುವನ್ನು ವಿಚಾರಿಸಿದನೆಂದು ಸುವಾರ್ತೆಗಳು ಹೇಳುವ ರೋಮನ್ ಅಧಿಕಾರಿ ಪಿಲಾತನನ್ನು ಯೂದಾಯದ ‘ಪ್ರಿಫೆಕ್ಟ್’ ಎನ್ನುತ್ತದೆ. ಅವನ ಇರುವನ್ನೂ ಹುದ್ದೆಯನ್ನೂ ಅದು ‘ದೃಢಪಡಿಸುತ್ತದೆ’, ಯೇಸುವಿನ ವಿಚಾರಣೆಯನ್ನು ‘ಸಾಬೀತುಪಡಿಸುವುದಿಲ್ಲ’. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಅವನನ್ನು ಪ್ರೊಕ್ಯುರೇಟರ್ ಎಂಬ ಬೇರೆ ಹುದ್ದೆಯ ಹೆಸರಿನಿಂದ ಕರೆದಿದ್ದಾನೆ. ಎರಡಕ್ಕೂ ‘ದೇಶಾಧಿಪತಿ’ ಎಂದು ಅನುವಾದಿಸಿದರೆ ಚರ್ಚೆಯ ತಿರುಳೇ ಅಳಿಸಿಹೋಗುತ್ತದೆ. ಹಾಗೆಯೇ ಅಪೊಸ್ತಲರ ಕೃತ್ಯಗಳು 17:6ರಲ್ಲಿ ಥೆಸಲೋನಿಕದ ಅಧಿಕಾರಿಗಳಿಗೆ ‘ಪಾಲಿಟಾರ್ಕ್’ ಎಂಬ ಪದವಿದೆ. ಆ ಊರಿನ ಶಾಸನಗಳಲ್ಲೂ ಅದೇ ಬಿರುದು ಕಾಣುತ್ತದೆ, ಒಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಇಲ್ಲಿ ಹುದ್ದೆಯ ಹೆಸರೇ ಸಾಕ್ಷ್ಯ, ಅದನ್ನು ಕನ್ನಡಿಸಬೇಡಿ.

ಹೊಂದದ ಕಡೆಗೂ ಒಂದು ಪದ ಬೇಕಾಗುತ್ತದೆ. ಯೇಸುವಿನ ಹುಟ್ಟಿನ ಹೊತ್ತಿಗೆ ನಡೆಯಿತೆಂದು ಲೂಕ 2:2 ಹೇಳುವ, ಸಿರಿಯದ ಅಧಿಪತಿ ಕುರೇನ್ಯನ ಖಾನೇಷುಮಾರಿ ಯೆಹೂದಿ ಇತಿಹಾಸಕಾರ ಜೋಸೆಫಸನ ಪ್ರಕಾರ ಕ್ರಿ.ಶ. 6ರದ್ದು, ಯೇಸು ಹುಟ್ಟಿದಾಗ ಆಳುತ್ತಿದ್ದನೆಂದು ಮತ್ತಾಯ ಹೇಳುವ ಹೆರೋದ ರಾಜ ಸತ್ತದ್ದು ಸಾಮಾನ್ಯ ಲೆಕ್ಕದಲ್ಲಿ ಕ್ರಿ.ಪೂ. 4ರಲ್ಲಿ. ಇದನ್ನು ‘ಕಾಲವಿರೋಧ’ ಎನ್ನಬಹುದು. ಕೊನೆಯದಾಗಿ, ‘ಅಥೆಂಟಿಸಿಟಿ’ಗೆ ವಿಶ್ವಾಸಾರ್ಹತೆ ಬೇಡ, ‘ಸಾಚಾತನ’ ಸಾಕು. ಯೇಸುವಿನ ಸಹೋದರ ಯಾಕೋಬನ ಹೆಸರಿನ ಬರಹವಿದ್ದು 2002ರಲ್ಲಿ ಸುದ್ದಿಯಾದ ಅಸ್ಥಿಪೆಟ್ಟಿಗೆ ಅಗೆತದಲ್ಲಿ ಸಿಕ್ಕದ್ದಲ್ಲ, ಪ್ರಾಚೀನ ವಸ್ತುಗಳ ಸಂಗ್ರಾಹಕನ ಬಳಿ ಇದ್ದದ್ದು. ದೊರೆತ ನೆಲೆ ಗೊತ್ತಿಲ್ಲದ್ದರಿಂದ ಅದರ ಬರಹ ಸಾಚಾ ಹೌದೋ ಅಲ್ಲವೋ ಎಂಬ ಜಗಳ ಇನ್ನೂ ಬಗೆಹರಿದಿಲ್ಲ.