ಮಡಕೆಗೆ ತೂತು ಹೊಡೆಯುವುದು ಯಾಕೆ?

ಪ್ರಶ್ನೆ (ಮೂಡಿಗೆರೆ):
ಹೋದ ವಾರ ನಮ್ಮ ಅಜ್ಜಿ ತೀರಿಕೊಂಡರು. ಜೋರು ಮಳೆ. ಸೌದೆ ಎಲ್ಲ ಒದ್ದೆ, ಚಿತೆಯ ಮೇಲೆ ತಗಡು ಹಿಡಿದು ನಿಂತೆವು. ಅಪ್ಪ ನೀರಿನ ಮಡಕೆ ಹೆಗಲ ಮೇಲಿಟ್ಟು ಮೂರು ಸುತ್ತು ಬಂದರು. ಸುತ್ತಿಗೊಂದು ತೂತು. ಕೊನೆಗೆ ತಿರುಗಿ ನೋಡದೆ ಬೀಳಿಸಿದರು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಅದರ ಅರ್ಥ ಏನು? ಮೂಳೆ ಪೂರ್ತಿ ಸುಡಲಿಲ್ಲ. ಮಳೆಯಿಂದಲಾ? ಅಜ್ಜಿಗೆ ಏನೋ ಕೊರತೆ ಮಾಡಿದೆವು ಅನ್ನಿಸುತ್ತಿದೆ.

ಉತ್ತರ 1:
ಮಡಕೆ ಅಂದರೆ ದೇಹ, ನೀರು ಅಂದರೆ ಜೀವ ಅಂತ ನಮ್ಮ ಕಡೆ ದೊಡ್ಡವರು ಹೇಳುತ್ತಾರೆ. ಸೋರಿ ಸೋರಿ ಖಾಲಿಯಾಗುತ್ತದೆ, ಆಮೇಲೆ ಒಡೆಯುತ್ತದೆ. ತಿರುಗಿ ನೋಡಿದರೆ ಹೋಗುವವರನ್ನು ತಡೆದಂತೆ.

ಉತ್ತರ 2 (ಹಾಸನ):
ಕೊರತೆ ಏನೂ ಆಗಿಲ್ಲ, ತಂಗಿ. ಮೂಳೆಯಲ್ಲಿ ಕ್ಯಾಲ್ಸಿಯಂ, ರಂಜಕ ಕೂಡಿದ ಖನಿಜ ಜಾಸ್ತಿ, ಅದು ಉರಿಯುವುದಿಲ್ಲ. ವಿದ್ಯುತ್ ಚಿತಾಗಾರದ 800 ಡಿಗ್ರಿ ಶಾಖದಲ್ಲೂ ಚೂರು ಉಳಿಯುತ್ತವೆ. ಅಸ್ಥಿ ಆರಿಸುವ ಶಾಸ್ತ್ರ ಇರುವುದೇ ಅದಕ್ಕೆ ಅಲ್ವಾ? ನಮ್ಮಮ್ಮನದನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟೆವು. ಅಷ್ಟು ದೂರ ಆಗದಿದ್ದರೆ ಹೇಮಾವತಿಯಲ್ಲೇ ಬಿಡಿ. ನಿಮ್ಮ ತಾಲ್ಲೂಕಿನ ಜಾವಳಿಯಲ್ಲೇ ಹುಟ್ಟುವ ಹೊಳೆ, ಕಾವೇರಿಗೇ ಸೇರುತ್ತದೆ.

ಮೂಡಿಗೆರೆ:
ಅಜ್ಜಿ ಬಟ್ಟೆ ಒಗೆಯುತ್ತಿದ್ದುದೂ ಅದೇ ಹೊಳೆಯಲ್ಲಿ, ಅಣ್ಣ. ಅಪ್ಪನಿಗೆ ಈಗಲೇ ಓದಿ ಹೇಳುತ್ತೇನೆ.