ಸ್ಟೇರಿಂಗ್ ಲಾಕ್ ಆಗಿದೆ, ಕೀ ತಿರುಗ್ತಾ ಇಲ್ಲ, ಕಾರು ಇಳಿಜಾರಿನಲ್ಲಿದೆ

ಮಂಜಿನಹನಿ:
ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿದ್ದೀವಿ. ಇಳಿಜಾರು ರಸ್ತೆಯಲ್ಲಿ ಮೂತಿ ಕೆಳಗೆ ಮಾಡಿ, ಮುಂದಿನ ಚಕ್ರಾನ ಎಡಗಡೆ ಕಲ್ಲಿನ ಅಂಚಿಗೆ ತಾಗಿಸಿ ಕಾರು ನಿಲ್ಲಿಸಿದ್ದೆ. ಈಗ ಕೀ ಪೂರ್ತಿ ಒಳಗೆ ಹೋಗುತ್ತೆ, ತಿರುಗಲ್ಲ. ಸ್ಟೇರಿಂಗೂ ಗಟ್ಟಿ. ಮ್ಯಾನ್ಯುಯಲ್ ಗೇರು, 2013ರ ಗಾಡಿ. ಇನ್ನೊಂದು ಕೀ ಮೈಸೂರಲ್ಲಿ ಮನೇಲಿದೆ. ನಮ್ಮ ಭಾವ ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು ತಿರುಗಿಸೋಣ ಅಂತಿದ್ದಾರೆ. ಏನು ಮಾಡಲಿ?

ಗ್ಯಾರೇಜ್ ಗಿರಿ:
ಮೊದಲು ಭಾವನ ಕೈಯಿಂದ ಪ್ಲೇಯರ್ ಇಸ್ಕೊಳ್ಳಿ. ಕೀ ಒಳಗೇ ಮುರಿದ್ರೆ ಈಗಿರೋ ಸಣ್ಣ ಕೆಲಸ ದೊಡ್ಡದಾಗುತ್ತೆ.

ಒಂದು ವಿಷಯ ನೋಡಿ ಹೇಳಿ. ಸ್ಟೇರಿಂಗನ್ನ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಒತ್ತಿ. ಯಾವ ಕಡೆ ಸ್ವಲ್ಪನಾದ್ರೂ ಜಗ್ಗುತ್ತೆ?

ಮಂಜಿನಹನಿ:
ಬಲಕ್ಕೆ ಅಲುಗಾಡಲ್ಲ, ಗೋಡೆ ಇದ್ದ ಹಾಗಿದೆ. ಎಡಕ್ಕೆ ಒಂದು ಬೆರಳಷ್ಟು ಹೋಗಿ ವಾಪಸ್ ಬರುತ್ತೆ ಸರ್.

ಗ್ಯಾರೇಜ್ ಗಿರಿ:
ಹಾಗಾದ್ರೆ ಲಾಕು ಕೆಟ್ಟಿಲ್ಲ, ಬಿಗಿದುಕೊಂಡಿದೆ ಅಷ್ಟೇ. ಕೀ ತೆಗೆದಾಗ ಇಗ್ನಿಷನ್ ಲಾಕಿನಿಂದ ಒಂದು ಉಕ್ಕಿನ ಪಿನ್ನು ಸ್ಪ್ರಿಂಗಿನ ಒತ್ತಡಕ್ಕೆ ಹೊರಗೆ ಬಂದು ಸ್ಟೇರಿಂಗ್ ಕಂಬದ ಮೇಲಿರೋ ಕಚ್ಚಿಗೆ ಕೂರುತ್ತೆ. ಕೀ ತಿರುಗಬೇಕಾದ್ರೆ ಆ ಪಿನ್ನು ಹಿಂದೆ ಸರೀಬೇಕು. ನಿಮ್ಮ ಗಾಡಿ ಕೆಳಗೆ ಜಾರೋಕೆ ನೋಡ್ತಿದೆ, ಕಲ್ಲು ಟೈರನ್ನ ಬಲಕ್ಕೆ ತಳ್ತಿದೆ. ಆ ಭಾರ ಎಲ್ಲ ಪಿನ್ನಿನ ಒಂದು ಪಕ್ಕಕ್ಕೆ ಬಿದ್ದು ಅದು ಕಚ್ಚಿನೊಳಗೆ ಸಿಕ್ಕಿಕೊಂಡಿದೆ. ಕೀಗೆ ಎಷ್ಟು ಬಲ ಹಾಕಿದ್ರೂ ಪ್ರಯೋಜನ ಇಲ್ಲ, ಬಲ ಹಾಕಬೇಕಾದ್ದು ಸ್ಟೇರಿಂಗಿಗೆ.

ಹ್ಯಾಂಡ್‌ಬ್ರೇಕ್ ಹಾಕೇ ಇರಲಿ. ಎಡಗೈಯಲ್ಲಿ ಸ್ಟೇರಿಂಗನ್ನ ಎಡಕ್ಕೆ, ಅಂದ್ರೆ ಜಗ್ಗೋ ಕಡೆಗೆ, ಗಟ್ಟಿಯಾಗಿ ಎಳೆದು ಹಿಡಿಯಿರಿ. ಬಿಡದೆ ಬಲಗೈಯಲ್ಲಿ ಕೀ ಮೆಲ್ಲಗೆ ತಿರುಗಿಸಿ. ಎರಡೂ ಒಟ್ಟಿಗೆ ಆಗಬೇಕು. ಆಗಲಿಲ್ಲ ಅಂದ್ರೆ ಭಾವನಿಗೆ ಸ್ಟೇರಿಂಗ್ ಹಿಡಿಯೋ ಕೆಲಸ ಕೊಡಿ, ಕೀ ನಿಮ್ಮ ಕೈಯಲ್ಲೇ ಇರಲಿ. ಇನ್ನಿಬ್ಬರು ಪಕ್ಕದಲ್ಲಿ ನಿಂತು ಬಾಗಿಲ ಚೌಕಟ್ಟು ಹಿಡಿದು ಗಾಡಿಯನ್ನ ಹಿಂದಕ್ಕೆ ಒತ್ತಿದ್ರೆ ಕಲ್ಲಿನ ಮೇಲಿನ ಭಾರ ಇಳಿಯುತ್ತೆ. ಕಾರಿನ ಮುಂದೆ ಮಾತ್ರ ಯಾರೂ ನಿಲ್ಲಬೇಡಿ.

ಹುಬ್ಬಳ್ಳಿ ಹುಡುಗ:
ನಮ್ಮ ಕಡೆ ಕೀ ತೂತಿಗೆ ಕೊಬ್ಬರಿ ಎಣ್ಣಿ ಬಿಡ್ತಾರ್ರೀ. ಅದನ್ನೂ ಒಂದು ಸಲ ನೋಡ್ರಿ.

ಗ್ಯಾರೇಜ್ ಗಿರಿ:
ಬೇಡ ಮಾರಾಯ. ಎಣ್ಣೆಗೆ ಧೂಳು ಅಂಟುತ್ತೆ, ಒಳಗಿನ ಹಿತ್ತಾಳೆ ತಗಡುಗಳ ಸಂದಿಯಲ್ಲಿ ಮಸಿ ಕಟ್ಟುತ್ತೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಹೆಪ್ಪುಗಟ್ಟೋ ವಸ್ತು, ಮಡಿಕೇರಿ ಚಳೀಲಿ ಅದನ್ನ ಲಾಕಿಗೆ ಹಾಕೋದಾ! ಲಾಕು ಒಣಗಿ ಬಿಗಿಯಾಗಿದ್ರೆ ಗ್ರಾಫೈಟ್ ಪುಡಿ ಸಾಕು.

ಮಂಜಿನಹನಿ:
ಆಯ್ತು!! ಭಾವ ಎರಡೂ ಕೈಯಲ್ಲಿ ಎಡಕ್ಕೆ ಎಳೆದ್ರು, ಟಕ್ ಅಂತ ಸದ್ದಾಯ್ತು, ಕೀ ಬೆಣ್ಣೆ ಥರ ತಿರುಗಿತು. ತುಂಬಾ ಥ್ಯಾಂಕ್ಸ್ ಸರ್. ಇನ್ಮೇಲೆ ಇಳಿಜಾರಲ್ಲಿ ಚಕ್ರ ತಿರುಗಿಸಿ ನಿಲ್ಲಿಸಬಾರದಾ?

ಗ್ಯಾರೇಜ್ ಗಿರಿ:
ತಿರುಗಿಸಲೇಬೇಕು, ಬ್ರೇಕ್ ಕೈಕೊಟ್ರೆ ಕಾರನ್ನ ತಡೆಯೋದು ಅದೇ ಕಲ್ಲು. ಆದ್ರೆ ಚಕ್ರ ಕಲ್ಲಿಗೆ ಮೆಲ್ಲಗೆ ತಾಗಿದ ತಕ್ಷಣ ಬ್ರೇಕ್ ಒತ್ತಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ರಿವರ್ಸ್ ಗೇರಿಗೆ ಹಾಕಿ, ಆಮೇಲೆ ಕಾಲು ತೆಗೀರಿ. ಗಾಡಿಯ ಭಾರ ಹ್ಯಾಂಡ್‌ಬ್ರೇಕ್ ಮೇಲಿರಲಿ, ಕಲ್ಲಿನ ಮೇಲೆ ಬೇಡ.

ಕಡಲೂರು ಭಟ್:
ಇದರಲ್ಲೇ ನಂದೂ ಒಂದು. ಆಟೋಮ್ಯಾಟಿಕ್ ಕಾರು. ನನಗೆ ಉಲ್ಟಾ, ಕೀ ತಿರುಗುತ್ತದೆ, ಹೊರಗೆ ಬರುವುದಿಲ್ಲ.

ಗ್ಯಾರೇಜ್ ಗಿರಿ:
ಭಟ್ರೇ, ಗೇರು ಪಿ ಯಲ್ಲಿ, ಅಂದ್ರೆ ಪಾರ್ಕ್ ಸ್ಥಾನದಲ್ಲಿದೆ ಅಂತ ಗಾಡಿಗೆ ಗೊತ್ತಾಗದಿದ್ರೆ ಅದು ಕೀ ಬಿಡಲ್ಲ. ಬ್ರೇಕ್ ಒತ್ತಿ ಲಿವರನ್ನ ಎನ್ (ನ್ಯೂಟ್ರಲ್) ಗೆ ತಂದು ಮತ್ತೆ ಪಿ ಗೆ ಜೋರಾಗಿ ತಳ್ಳಿ, ಮೀಟರಲ್ಲಿ ಪಿ ಕಾಣುತ್ತಾ ನೋಡಿ. ಕೆಲವು ಗಾಡಿಗಳಲ್ಲಿ ಕೊನೇ ಸ್ಥಾನಕ್ಕೆ, ಅಂದ್ರೆ ಲಾಕ್ ಕಡೆಗೆ, ತಿರುಗಿಸುವಾಗ ಕೀಯನ್ನ ಒಳಗೆ ಒತ್ತಬೇಕು. ಮೀಟರೇ ಹೊತ್ತಿಕೊಳ್ಳದಿದ್ರೆ ಬ್ಯಾಟರಿ ಸತ್ತಿರಬಹುದು. ಕೀ ಬಿಡೋ ಕೊಂಡಿ ಕರೆಂಟಲ್ಲಿ ಓಡೋ ಗಾಡಿಯಾದ್ರೆ ಜಂಪ್ ಸ್ಟಾರ್ಟ್ ಮಾಡೋವರೆಗೂ, ಅಂದ್ರೆ ಬೇರೆ ಬ್ಯಾಟರಿಯಿಂದ ಕರೆಂಟ್ ಕೊಡೋವರೆಗೂ, ಬರಲ್ಲ.

ಕಡಲೂರು ಭಟ್:
ಬಂತು ಮಾರಾಯ್ರೇ. ಲಿವರ್ ಪಿ ಹತ್ತಿರ ಬಂದು ನಿಂತಿತ್ತು, ಪೂರ್ತಿ ಕೂತಿರಲಿಲ್ಲ. ಲಿವರ್ ಬುಡದಲ್ಲಿ ಮಕ್ಕಳ ಚಾಕಲೇಟು ಕಾಗದ!

ಮಂಜಿನಹನಿ:
ಮೈಸೂರಿಗೆ ಬಂದು ಎರಡೂ ಕೀ ಹೋಲಿಸಿ ನೋಡಿದೆ. ದಿನಾ ಬಳಸೋದರ ಹಲ್ಲುಗಳು ನುಣ್ಣಗಾಗಿವೆ. ಇದನ್ನೇ ಕೊಟ್ಟು ಡೂಪ್ಲಿಕೇಟ್ ಮಾಡಿಸಲಾ?

ಗ್ಯಾರೇಜ್ ಗಿರಿ:
ಸವೆದಿದ್ದನ್ನ ಕೊಟ್ರೆ ಸವೆತಾನೂ ನಕಲಾಗುತ್ತೆ. ಮನೇಲಿಟ್ಟಿದ್ದ ಕೀ ಕೊಟ್ಟು ಕಟ್ ಮಾಡಿಸಿ. ನಿಮ್ಮ ಕೀಯಲ್ಲಿ ಕಳ್ಳತನ ತಡೆಯೋ ಇಮ್ಮೊಬಿಲೈಸರ್ ಚಿಪ್ ಇದ್ರೆ ಅದನ್ನೂ ಗಾಡಿಗೆ ಹೊಂದಿಸಿ ಕೊಡೋ ಅಂಗಡಿ ನೋಡಿ, ಇಲ್ಲಾಂದ್ರೆ ಕೀ ತಿರುಗುತ್ತೆ, ಇಂಜಿನ್ ಸ್ಟಾರ್ಟ್ ಆಗಲ್ಲ. ಕೀ ಗೊಂಚಲಿನಲ್ಲಿ ಮನೆ ಬೀಗ, ಅಂಗಡಿ ಬೀಗ ಎಲ್ಲ ನೇತಾಡ್ತಿದ್ರೆ ಅವನ್ನೂ ಬೇರೆ ಮಾಡಿ. ಆ ತೂಕಕ್ಕೂ ಲಾಕು ಸವೆಯುತ್ತೆ.